ಮರಿಗೆಯೊಳಗಿನ ಎರಡನೆಯ ದೀಪ

ಆಗಿತ್ತು, ಸಂತೋಷ. ಆ ಸಂಜೆ ಕೋಡಿಯ ಕಡಲತೀರದ ಕಲ್ಲುದಂಡೆಯ ಮೇಲೆ ನಾನು ನಿನಗೆ "ಆಯ್ಲಿಲ್ಲ" ಎಂದು ಕೂಗಿ ಹೇಳಿದೆನಲ್ಲ, ಅದು ಸುಳ್ಳು. ಮೊದಲನೇ ಸಲವೇ ಆಗಿತ್ತು. ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ನಿನ್ನನ್ನು ಇನ್ನೊಂದು ಸಲ ಮುಂದೆ ಕಳಿಸಿದೆ.

ಹೇಗೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಹಿಂದಕ್ಕೆ ಹೋಗಿ ಹುಡುಕಿದ್ದೇನೆ. ದುರಾಸೆಯಾದರೂ ಆಗಿದ್ದರೆ ಒಂದು ಕಾರಣ ಎನ್ನಬಹುದಿತ್ತು — ಆದರೆ ದುರಾಸೆ ಆಗಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಹಟ ಅಷ್ಟೆ.

ಕಾಲೇಜು ಮುಗಿದ ವರ್ಷ ನಾವಿಬ್ಬರೂ ಫೋನಿನಲ್ಲಿ ಆಡುತ್ತಿದ್ದ ಆ ಆಟ ನಿನಗೆ ನೆನಪಿರಬಹುದು. ಕೋಟೆ, ಗುಹೆ, ಮಂತ್ರದ ಕಾಡು. ನೀಲಿ ದೀಪ ನಮಗೆ ಸಿಕ್ಕಿದ್ದು ಒಂದೇ. ಅದಿಲ್ಲದೆ ಕೆಳಗಿನ ಗುಹೆಗಳಿಗೆ ಇಳಿಯುವ ಹಾಗಿಲ್ಲ. ಒಂದು ದಿನ ನೀನು, ಒಂದು ದಿನ ನಾನು. ಆ ನಡುವೆ ಬಾರ್ಕೂರಿಗೆ ಹೋಗುವ ಬಸ್ಸಿನಲ್ಲಿ ನನಗೊಂದು ವಿಚಿತ್ರ ಕಂಡಿತು. ಆಟದ ಪಾಳು ಗುಡಿಯಲ್ಲಿದ್ದ ಕಲ್ಲಿನ ಮರಿಗೆಗೆ — ನಮ್ಮ ಗುಲ್ವಾಡಿ ಮನೆಯಲ್ಲಿ ದನಕ್ಕೆ ನೀರಿಡುವಂಥದ್ದೇ — ನಾನು ಬಾಣ ಹಾಕುತ್ತಿದ್ದಾಗ ಸಿಗ್ನಲ್ ಹೋಯಿತು. ಮರಳಿ ಬಂದಾಗ ಬಾಣ ಮರಿಗೆಯಲ್ಲೂ ಇತ್ತು, ನನ್ನ ಚೀಲದಲ್ಲೂ ಇತ್ತು.

ಡೇಟಾ ನಾನೇ ಆಫ್ ಮಾಡಿ ನೋಡಿದೆ, ಆಗಲಿಲ್ಲ. ಸಿಗ್ನಲ್ ತಾನಾಗಿ, ನಿಧಾನವಾಗಿ ಸಾಯಬೇಕು. ಅದಕ್ಕಾಗಿಯೇ ಕೆಲಸವಿಲ್ಲದೆ ಬಸ್ಸು ಹತ್ತಿ ಕೂತದ್ದುಂಟು! ಬಾಣದಲ್ಲೇ ಕೆಲವು ಸಲ ಪರೀಕ್ಷಿಸಿದ ಮೇಲೆ ಆ ಮರಿಗೆ ಬಿರುಕು ಬಿಟ್ಟು ಒಡೆದುಹೋಯಿತು. ಜವುಗಿನ ಆಚೆ ಇನ್ನೊಂದು ಸಿಕ್ಕಿತು, ಅದೂ ಒಡೆಯಿತು. ಉಳಿದದ್ದು ಗೋಪುರದೊಳಗಿನ ಒಂದೇ. ಅದಕ್ಕೆ ಇಬ್ಬರು ಬೇಕು: ಒಬ್ಬ ಹೊರಗಿನ ಕಿಂಡಿಯಿಂದ ವಸ್ತು ಹಾಕಬೇಕು, ಇನ್ನೊಬ್ಬ ಒಳಗೆ ನಿಂತಿರಬೇಕು. ಮರಿಗೆಯಲ್ಲಿ ಏನು ಬಿತ್ತೆಂಬುದು ಒಳಗಿನವನಿಗೆ ಮಾತ್ರ ಕಾಣುತ್ತದೆ.

ಒಳಗೆ ನಿಂತವನು ನಾನು.

ನಿನ್ನ ಹಳೆಯ ಫೋನಿಗೆ ದಂಡೆಯ ತುದಿಗೆ ಹೋದ ಹಾಗೆ ಸಿಗ್ನಲ್ ಸಾಯುತ್ತದೆ ಎಂದು ಹೇಳಿದ್ದು ನೀನೇ. ತುದಿಗೆ ನಾನೂ ಬರುತ್ತೇನೆಂದಾಗ ನೀನು ನಕ್ಕೆ. "ಗುಲ್ವಾಡಿಯವ್ರಿಗೆ ಹೊಳಿ ಸಾಕ್. ಕಡ್ಲಿನ್ ಕಲ್ ಮೇಲ್ ನಿಲ್ಲುಕ್ ನಿಂಗೆ ಬತ್ತಿಲ್ಲ, ನೀ ಅಲ್ಲೇ ಕೂಕೋ" ಎಂದೆ. ದೀಪ ನಿನ್ನ ಚೀಲದಲ್ಲಿತ್ತು. ನೀನು ಮುಂದೆ ಹೋದೆ. ನನ್ನ ಪರದೆಯಲ್ಲಿ ಕಿಂಡಿಯಿಂದ ದೀಪ ಬಿತ್ತು. ನೀನು ಆಟದಿಂದ ಮಾಯವಾದೆ. ದೀಪ ಮರಿಗೆಯಲ್ಲೇ ಉಳಿಯಿತು, ನೀಲಿಯಾಗಿ ಉರಿಯುತ್ತ. ನೀನು ನಾಲ್ಕು ಕಲ್ಲು ಹಿಂದೆ ಬಂದು, ಸಿಗ್ನಲ್ ಸಿಕ್ಕಿ, ನಿನ್ನ ಚೀಲ ನೋಡಿ ಕೂಗಿದೆ:

"ನನ್ ದೀಪ ಇನ್ನೂ ನನ್ ಹತ್ರವೇ ಇತ್ತ್! ಒಳ್ಗ್ ಎಂತಾರೂ ಬಂತಾ?"

ಒಬ್ಬೊಬ್ಬರಿಗೆ ಒಂದೊಂದು. ನಾವು ಬಂದಿದ್ದೇ ಅದಕ್ಕೆ. ಹೌದು ಎನ್ನಬೇಕಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ ಓಡುತ್ತಿತ್ತು — ಒಡೆಯುವುದು ಮರಿಗೆಯ ಲೆಕ್ಕಕ್ಕೋ, ಆಡುವವನ ಲೆಕ್ಕಕ್ಕೋ? ಹೊಸಬ ಹಾಕಿದರೆ ಹೆಚ್ಚು ಸಲ ಬರುತ್ತದೆಯೋ? ಆಯಿತು ಎಂದರೆ ನೀನು ವಾಪಸು ಬಂದುಬಿಡುತ್ತಿದ್ದೆ.

"ಆಯ್ಲಿಲ್ಲ! ಇನ್ನೊಂಚೂರ್ ಮುಂದ್ ಹೋಗ್!"

"ತೆರಿ ದೊಡ್ಡದ್ ಆತಾ ಇತ್ತ್ ಮಾರಾಯ. ನಿನ್ ದೀಪದ್ ಸಲುವಾಯಿ ನಾನ್ ಬಂಗ್ಡೆ ಮೀನಿಗ್ ಊಟ ಆಪ್ದಾ?"

"ಒಂದೇ ಸಲ!"

ನೀನು ಹೋದೆ. ತೆರೆ ಬಂದದ್ದನ್ನು ನಾನು ನೋಡಲಿಲ್ಲ, ಸದ್ದು ಕೇಳಿದೆ. ನಿನ್ನ ಕೂಗನ್ನೂ ಕೇಳಿದೆ. ಕೇಳಿದ ಮೇಲೂ ನನ್ನ ಕಣ್ಣು ಮೊದಲು ಹೋದದ್ದು ಪರದೆಗೆ. ಮರಿಗೆ ಒಡೆಯಿತೋ ಇಲ್ಲವೋ ಎಂದು. ಒಡೆದಿರಲಿಲ್ಲ. ಆಮೇಲೆ ತಲೆ ಎತ್ತಿದೆ. ನೀನಿದ್ದ ಕಲ್ಲಿನ ಮೇಲೆ ಬರೀ ನೊರೆ.

ಬೊಬ್ಬೆ ಹೊಡೆದೆ, ನಿಜ. ಅಳಿವೆಯಲ್ಲಿ ಬಲೆ ಬೀಸುತ್ತಿದ್ದ ಇಬ್ಬರು ದೋಣಿ ತಿರುಗಿಸಿ ಬಂದರು. "ಹ್ವಾಯ್, ಹಗ್ಗ ಹಿಡ್ಕೋ! ಕಾಲ್ ಎಳೀಬೇಡ, ಕಲ್ಲಿಗ್ ಸಿಕ್ಕಿತ್!" ಎನ್ನುವ ಅವರ ದನಿ ಈಗಲೂ ಬ್ರಹ್ಮಾವರದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಕೇಳಿಸುತ್ತದೆ. ಕಾಲು ಸಿಕ್ಕಿಕೊಂಡ ಆ ಎರಡು ಕಲ್ಲುಗಳ ನಡುವೆ ನಿನ್ನ ಮುಖ ಮುಳುಗುತ್ತದೆ, ಏಳುತ್ತದೆ, ಮುಳುಗುತ್ತದೆ.

ಆಸ್ಪತ್ರೆಯಲ್ಲಿ ನಿನ್ನ ಅಮ್ಮ ಅಳುತ್ತಲೇ ಬೈದರು. "ಕಡ್ಲಂದ್ರೆ ಎಂತ ನಿನ್ ಫೋಟೋ ಸ್ಟುಡಿಯೋನಾ? ಸೆಲ್ಫಿ ತೆಗುಕ್ ಹೋದ್ದಾ?" ನೀನು ನನ್ನ ಮುಖ ನೋಡಿ, "ಹೌದಮ್ಮ, ಫೋಟೋ ತೆಗುಕ್" ಎಂದುಬಿಟ್ಟೆ. ನನ್ನನ್ನು ಉಳಿಸಲು. ನಾನು ಆ ಮಾತನ್ನು ಹಾಗೆಯೇ ಇರಲು ಬಿಟ್ಟೆ. ಅಂದಿನಿಂದ ಕೋಡಿಯವರಿಗೆ ನೀನು ಸೆಲ್ಫಿಗೆ ಹೋಗಿ ಕಾಲು ಮುರಿದುಕೊಂಡವನು, ನಾನು ನಿನ್ನ ಜೀವ ಉಳಿಸಿದವನು. ಕಾಲು ಸರಿಯಾಗಿ ಕೂಡಲಿಲ್ಲ; ನಿನ್ನ ಅಪ್ಪನ ಮೀನಿನ ಬೋಟಿಗೆ ನೀನು ಮತ್ತೆ ಹತ್ತಲಿಲ್ಲ, ಐಸ್ ಪ್ಲಾಂಟಿನಲ್ಲಿ ಕುರ್ಚಿಯ ಕೆಲಸಕ್ಕೆ ಕೂತೆ. ನಿನ್ನ ಅಮ್ಮ ನನಗೆ ಮಾತ್ರ, ನಾನು ಬಂದಾಗಲೆಲ್ಲ, ಮೀನಿನ ದೊಡ್ಡ ತುಂಡನ್ನೇ ಬಡಿಸುತ್ತಾರೆ.

ಇಷ್ಟನ್ನೂ ನುಂಗಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಹೋದ ಭಾನುವಾರ ಊಟದ ನಡುವೆ ನೀನು ಮೆಲ್ಲಗೆ ಕೇಳಿದೆ.

"ಅಲ್ಲ ಮಾರಾಯ, ಆ ಮರಿಗಿ ಸಂಗ್ತಿ ನಂಗೆ ಈಗ್ಲೂ ತಲಿಯಂಗ್ ಇತ್ತ್. ನಾನೇ ಸಮಾ ಜಾಗ್ದಂಗ್ ನಿಂತಿಲ್ಲ ಕಾಣ್ತ್. ಮೊದ್ಲೇ ಇನ್ನೊಂಚೂರ್ ಮುಂದ್ ಹೋಯಿದ್ರೆ ಆತಿತ್ತೇನೋ, ಅಲ್ದಾ?"

ಇಷ್ಟು ವರ್ಷ ನೀನು ತಪ್ಪನ್ನು ನಿನ್ನ ಹೆಜ್ಜೆಯಲ್ಲಿ ಹುಡುಕುತ್ತಿದ್ದೆ. ನಾನೋ — "ಬಿಡ್ ಮಾರಾಯ, ಹಳೆ ಕತೆ" ಎಂದು ನಕ್ಕೆ. ಸುಳ್ಳನ್ನು ಎರಡನೆಯ ಸಲ ಹೇಳಿದೆ. ಈ ಸಲ ತೆರೆಯ ಸದ್ದಿರಲಿಲ್ಲ, ಕುತೂಹಲವೂ ಇರಲಿಲ್ಲ. ಬರೀ ಹೆದರಿಕೆ.

ನೀನು ನಿಂತ ಜಾಗ ಸರಿಯಾಗಿತ್ತು, ಸಂತೋಷ.

ಇದನ್ನು ಬರೆದದ್ದು ನಿನಗೆ ಕಳಿಸಿ ಕೈತೊಳೆದುಕೊಳ್ಳಲಿಕ್ಕಲ್ಲ. ಮಾತು ಎಲ್ಲಿಂದ ಶುರು ಮಾಡಬೇಕೆಂದು ನನಗೇ ಗೊತ್ತಾಗಲಿ ಎಂದು. ಈ ಭಾನುವಾರ ಬರುತ್ತೇನೆ. ನಿನ್ನ ಅಮ್ಮನೂ ಹೊರಗೆ ಬರಲಿ. ಅವರು ಒಳಗೆ ಕರೆಯುವ ಮೊದಲು, ಅಂಗಳದಲ್ಲಿ ನಿಂತೇ ಹೇಳಬೇಕು. ಎಲೆಯ ಮುಂದೆ ಕೂತುಬಿಟ್ಟರೆ ನನ್ನಿಂದ ಆಗುವುದಿಲ್ಲ.