ಬಿಳಿ ಬೆಕ್ಕಿನ ಮಾತೃಭಾಷೆ

ಬೆಕ್ಕಿಗೂ ಮಾತೃಭಾಷೆ ಇರುತ್ತದೆ ಎಂದು ನಾನು ಕೆಲವು ದಿನ ನಂಬಿದ್ದೆ. ಚಿಂತಾಮಣಿಯಲ್ಲಿ ಬದುಕುವವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣದು. ಇಲ್ಲಿ ಜಗಳ ಕನ್ನಡದಲ್ಲಿ ಶುರುವಾದರೆ ರಾಜಿಯಾಗುವುದು ತೆಲುಗಿನಲ್ಲಿ.

ಬೆಕ್ಕನ್ನು ತಂದವರು ನಮ್ಮ ಅತ್ತೆ, ಅಂದರೆ ಹೆಂಡತಿ ಸರೋಜಳ ತಾಯಿ. ನಮ್ಮ ಜೊತೆಗೇ ಇದ್ದಾರೆ. ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ನೆಂಟರು ಇಲಿ ಕಾಟಕ್ಕೆಂದು ಬೆಕ್ಕು ಇಟ್ಟುಕೊಂಡಿದ್ದರು. ಅದರ ಮರಿಗಳಲ್ಲಿ ಅಚ್ಚ ಬಿಳಿ ಮೈಯ, ನೀಲಿ ಕಣ್ಣಿನ ಒಂದನ್ನು ಅತ್ತೆ ಆರಿಸಿ ಬುಟ್ಟಿಯಲ್ಲಿ ತಂದರು. ಮಲ್ಲಿ ಎಂದು ಹೆಸರಿಟ್ಟೆವು. ಹಾಲಿನ ತಟ್ಟೆ ಕಂಡರೆ ಓಡಿ ಬರುತ್ತಿದ್ದ ಮಲ್ಲಿ, ಕರೆದರೆ ಮಾತ್ರ ಬರುತ್ತಿರಲಿಲ್ಲ.

“ತೆಲುಗು ಮನೇಲಿ ಹುಟ್ಟಿದ್ದಲ್ವಾ, ನಿಮ್ಮ ಕನ್ನಡ ಅದಕ್ಕೇನು ಗೊತ್ತಾಗ್ತದೆ?” ಎಂದ ಅತ್ತೆ “ರಾ ತಲ್ಲೀ, ರಾ” ಎಂದು ಕರೆದರು. ಅದು ಬಾಲ ನೆಕ್ಕಿಕೊಂಡಿತು. ಪಕ್ಕದ ಮನೆಯ ನೂರ್‌ಬೀ ಉರ್ದುವಿನಲ್ಲಿ ಮುದ್ದುಗರೆದು ನೋಡಿದರು. ನಾನು ಇಂಗ್ಲಿಷಿನಲ್ಲಿ ಕರೆದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೇನೆ. ಕೊನೆಗೆ ಸರೋಜ ತೀರ್ಪು ಕೊಟ್ಟಳು: “ಇದಕ್ಕೆ ಸೊಕ್ಕು, ಚೆನ್ನಾಗಿದೀನಿ ಅಂತ.”

ಒಂದು ಬೆಳಿಗ್ಗೆ ಕುಕ್ಕರ್ ಕೂಗಿತು. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ನಾನು ಬೆಚ್ಚಿದೆ; ಒಲೆಯ ಹತ್ತಿರವೇ ಮಲಗಿದ್ದ ಮಲ್ಲಿಯ ಕಿವಿ ಕೂಡ ಅಲುಗಲಿಲ್ಲ. ಆಗ ಹೊಳೆಯಿತು. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಒಂದೇ ವಂಶವಾಹಿಯಲ್ಲಾದ ಬದಲಾವಣೆ ಹಲವು ಗುಣಗಳನ್ನು ಮುಟ್ಟುತ್ತದೆ ಎಂಬ ಪಾಠವನ್ನು ವರ್ಷವರ್ಷವೂ ಬಟಾಣಿ ಗಿಡದ ಉದಾಹರಣೆ ಕೊಟ್ಟು ಒಪ್ಪಿಸುತ್ತೇನೆ. ಇನ್ನೂ ಒಳ್ಳೆಯ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ನಿದ್ದೆ ಮಾಡುತ್ತಿತ್ತು.

ವಿಷಯ ಸರಳ. ಮರಿ ಗರ್ಭದಲ್ಲಿರುವಾಗ ಬಣ್ಣದ ಜೀವಕೋಶಗಳು ಹುಟ್ಟಿದ ಜಾಗ ಬಿಟ್ಟು ಮೈಯೆಲ್ಲ ಹರಡಬೇಕು. ಚರ್ಮ ಸೇರಿದವು ಕೂದಲಿಗೆ ಬಣ್ಣ ಕೊಡುತ್ತವೆ, ಒಳಗಿವಿ ಸೇರಿದವು ಕೇಳಿಸಿಕೊಳ್ಳಲು ನೆರವಾಗುತ್ತವೆ. ಒಂದು ವಂಶವಾಹಿ ಬದಲಾಗಿ ಅವು ದಾರಿಯಲ್ಲೇ ಉಳಿದರೆ ಮೈ ಬಿಳಿ, ಕಣ್ಣು ನೀಲಿ, ಕಿವಿ ಕಿವುಡು. ಎಲ್ಲ ಬಿಳಿ ಬೆಕ್ಕುಗಳಿಗೂ ಹೀಗಾಗುವುದಿಲ್ಲ. ನೀಲಿ ಕಣ್ಣಿನವಕ್ಕೆ ಸಂಭವ ಹೆಚ್ಚು. ಪ್ರಕೃತಿಯ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದು ಕಡಿಮೆ, ಒಂದು ಕೇಳಿದರೆ ಜೊತೆಗೆ ಇನ್ನೆರಡು ಕಟ್ಟಿಕೊಡುತ್ತಾರೆ. ಮಲ್ಲಿಯ ಬೆನ್ನ ಹಿಂದೆ ತಟ್ಟೆ ಬಡಿದು ಖಾತ್ರಿ ಮಾಡಿಕೊಂಡೆ.

ನನ್ನ ಸಂಭ್ರಮ ಸರೋಜಳಿಗೆ ಹತ್ತಲಿಲ್ಲ. ಗೇಟಿನಾಚೆ ಟೊಮೆಟೊ ಲಾರಿಗಳು ಓಡಾಡುವ ರಸ್ತೆ. ಹಾರ್ನ್ ಕೇಳಿಸದ ಬೆಕ್ಕು ಅಲ್ಲಿ ಎಷ್ಟು ದಿನ ಉಳಿದೀತು? “ಅದು ಲಾರಿಗೆ ಸಿಕ್ರೆ ನನ್ನ ಕೈಲಿ ನೋಡಕ್ಕಾಗಲ್ಲ ರೀ. ವಾಪಸ್ ಕೆಂಚಾರ್ಲಹಳ್ಳಿಗೇ ಬಿಟ್ಟು ಬನ್ನಿ” ಎಂದಳು. ಸೊಕ್ಕಿನ ಬೆಕ್ಕೆಂದು ಬೈದವಳ ಕಣ್ಣು ತುಂಬಿತ್ತು. ಸಂಕಟವಾದಾಗ ನನಗೆ ಬರುವುದು ಒಂದೇ ವಿದ್ಯೆ. ಅತ್ತೆಯ ಮುಂದೆ ಕುಳಿತು ವಂಶವಾಹಿಯ ಪಾಠ ಶುರು ಮಾಡಿದೆ.

ಅತ್ತೆ ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದರು. “ಬಿಳೀದೇ ಬೇಕು, ನೀಲಿ ಕಣ್ಣಿಂದೇ ಬೇಕು ಅಂತ ಆರಿಸಿದೋಳು ನಾನು. ಅದರ ಜೊತೆ ಬಂದಿದ್ದನ್ನ ಬೇಡ ಅಂದ್ರೆ ಹೆಂಗಪ್ಪಾ? ಮೇಷ್ಟ್ರ ಕೆಲಸ ಇದೆ ಅಂತ ನಿಮಗೆ ಹೆಣ್ಣು ಕೊಟ್ವಿ ಅಳಿಯಂದ್ರೇ. ಮನೇಲೂ ಪಾಠ ಮಾಡೋದು ಅದರ ಜೊತೆಗೇ ಬಂತು. ನಿಮ್ಮನ್ನ ವಾಪಸ್ ಕಳಿಸಿದ್ವಾ?”

ಸರೋಜ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಗೇಟಿಗೆ ಕಟ್ಟಲು ಜಾಲರಿ ತರೋಣವೆಂದು ನಾನು ಅಂಗಡಿಗೆ ಹೊರಟೆ.