ಆರದ ಕೆಂಪು ದೀಪ

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ದಿನಾ ಬೆಳಗ್ಗೆ ಕೆಂಡದ ಮೇಲೆ ಓಮ ಹಾಕಿ ಹೊಗೆ ಕೊಡುತ್ತಾರೆ. ಆ ವಾಸನೆ ಮೋಟುಗೋಡೆ ದಾಟಿ ಬಂದು ನನ್ನ ಚಹಾದ ಲೋಟದ ಪಕ್ಕ ಕೂತುಬಿಡುತ್ತದೆ. ನಿಮಗೆ ಆ ವಾಸನೆಯಿಂದ ಹಸುಗೂಸು, ಬಿಸಿನೀರು, ಅಜ್ಜಿಯರ ಗದ್ದಲ ನೆನಪಾಗಬಹುದು. ನನಗೆ ನನ್ನ ಹೆಂಡತಿ ಕೊಟ್ರಮ್ಮ ನೆನಪಾಗುತ್ತಾಳೆ. ಅವಳ ಬಾಯಲ್ಲಿ ಸದಾ ಓಮ ಇರುತ್ತಿತ್ತು. ಕೇಳಿದವರಿಗೆಲ್ಲ ಹೊಟ್ಟೆನೋವಿಗೆ ಎಂದು ನಾನೇ ಹೇಳುತ್ತಿದ್ದೆ. ಅವಳು ಅಗಿಯುತ್ತಿದ್ದದ್ದು ಸಾರಾಯಿಯ ವಾಸನೆ ಮುಚ್ಚಲಿಕ್ಕೆ.

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೈಕ್‌ಸೆಟ್ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಪಾಸಾದವನು ಗುಮಾಸ್ತನಾಗಲಿ ಎಂದು ಅಪ್ಪನ ಆಸೆ. ನನಗೋ ನನ್ನ ದನಿ ನಾಲ್ಕು ಊರಿಗೆ ಕೇಳಬೇಕೆಂಬ ಹುಚ್ಚು. 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಅನ್ನುವುದನ್ನು ಬಿಟ್ಟರೆ ಆ ಮೈಕಿನಲ್ಲಿ ನಾನು ಹೇಳಿದ ಮಾತು ಏನೂ ಇರಲಿಲ್ಲ. ಆದರೂ ಅದನ್ನೇ ಎಷ್ಟು ಗತ್ತಿನಿಂದ ಹೇಳುತ್ತಿದ್ದೆ ಅಂತೀರಿ!

ಎಪ್ಪತ್ತರ ದಶಕದ ಕೊನೆಯಲ್ಲಿ ಕೊಟ್ರಮ್ಮ ತವರೂರಾದ ಜಗಳೂರಿನಲ್ಲಿ ಹೆತ್ತಳು. ಬಾಣಂತಿಗೆ ಥಂಡಿ ಆಗಬಾರದೆಂದು ರಾತ್ರಿ ಒಂದು ಚಮಚ ಬ್ರಾಂದಿ ಕುಡಿಸುವುದು ನಮ್ಮ ಕಡೆ ಹಲವು ಮನೆಗಳಲ್ಲಿ ಇದ್ದದ್ದೇ. ಅಳಿಯ ಜಿಪುಣ ಅನ್ನಿಸಿಕೊಳ್ಳಬಾರದೆಂದು ನಾನು ದೊಡ್ಡ ಬಾಟಲಿಯನ್ನೇ ಕಳಿಸಿದೆ. ಮಗು ಉಳಿಯಲಿಲ್ಲ. ಬಾಟಲಿ ಉಳಿದಿತ್ತು. ಅದಿಲ್ಲದೆ ನಿದ್ದೆ ಬರುವುದಿಲ್ಲ ಎಂದಾಗ ಇನ್ನೊಂದನ್ನು ತಂದುಕೊಟ್ಟವನೂ ನಾನೇ. ಔಷಧಿಯಲ್ಲವೇ ಎಂದುಕೊಂಡೆ. ನಾನು ತರುವುದು ನಿಲ್ಲಿಸುವ ಹೊತ್ತಿಗೆ ಅವಳು ತಾನೇ ತರಿಸಿಕೊಳ್ಳುವುದನ್ನು ಕಲಿತಿದ್ದಳು, ಬ್ರಾಂದಿ ಹೋಗಿ ಸಾರಾಯಿ ಬಂದಿತ್ತು.

ಒಮ್ಮೆ ಕೆರೆಬಿಳಚಿಯ ಮದುವೆಮನೆಯಲ್ಲಿ ಬೇವಿನ ಮರ ಹತ್ತಿ ಹಾರ್ನ್ ಕಟ್ಟುತ್ತಿದ್ದೆ. ಅದರ ಕಹಳೆಬಾಯಿಂದ ಒಂದು ಸಣ್ಣ ಬಾಟಲಿ ಜಾರಿ ಬೀಗರ ಮುಂದೆಯೇ ಬಿತ್ತು. ಮನೆಯಲ್ಲಿ ಹಾರ್ನುಗಳನ್ನು ಅಟ್ಟದ ಮೇಲೆ ಇಡುತ್ತಿದ್ದೆವು; ಅವಳು ಬಚ್ಚಿಡಲು ಆ ಜಾಗ ಹುಡುಕಿಕೊಂಡಿದ್ದಳು.

"ಏನ್ ಮೈಕ್‌ಸೆಟ್ಟಣ್ಣ, ನಿನ್ ಹಾರ್ನಿಗೂ ಗಂಟ್ಲು ಒಣಗ್ತತೇನೋ?" ಎಂದು ಒಬ್ಬರು ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಟಲಿ ನನ್ನದೇ ಎಂಬಂತೆ ನಾನೂ ನಕ್ಕೆ. ಮನೆಗೆ ಬಂದು ಅವಳ ಕೆನ್ನೆಗೆ ಹೊಡೆದೆ. ನನ್ನದಾದಾಗ ಅದು ನಗೆಯ ವಿಷಯ, ಅವಳದಾದರೆ ಮನೆ ಮಾನ ಹೋಗುವ ವಿಷಯ. ಇದು ಎಂಥ ಲೆಕ್ಕ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಕೆಲವು ವರ್ಷದ ಮೇಲೆ ಹೊನ್ನಾಳಿಯ ಒಂದು ಛತ್ರದಲ್ಲಿ ಊರ ಹಿರಿಯರು ಸೇರಿ ಕುಡಿತ ಬಿಡಿಸುವ ಶಿಬಿರ ಮಾಡಿದರು. ದಾವಣಗೆರೆಯಿಂದ ಒಬ್ಬ ಡಾಕ್ಟರು ಬರುತ್ತಿದ್ದರು. ಕುಡಿಯುವ ಗಂಡಸರು ಅಲ್ಲೇ ಇದ್ದು ಇಂಜೆಕ್ಷನ್, ಮಾತ್ರೆ ತೆಗೆದುಕೊಂಡು, ಸಂಜೆ ಒಬ್ಬೊಬ್ಬರಾಗಿ ಎದ್ದು ತಮ್ಮ ಕಥೆ ಹೇಳಬೇಕು. ಮೈಕ್‌ಸೆಟ್ ನನ್ನದು. "ನಾನೂ ಬರ್ತೀನ್ರೀ" ಎಂದಳು ಕೊಟ್ರಮ್ಮ. ಅಡುಗೆಗೆ ಕೈ ಹಚ್ಚಲಿ ಎಂದು ಕರೆದುಕೊಂಡು ಹೋದೆ. ದಿನವೂ ಅವಳು ಬಾಗಿಲ ಬಳಿ ನಿಂತು, ನಡುಗುವ ಗಂಡಸರ ಕೈಗಳನ್ನು ನೋಡುತ್ತಿದ್ದಳು. ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದಳು.

ಕೊನೆಯ ಸಂಜೆ ಹೆಂಗಸರ ಸರದಿ. ಗಂಡನ ಕುಡಿತದಿಂದ ಪಟ್ಟ ಪಾಡು ಹೇಳಬೇಕು. ನಾಲ್ಕೈದು ಜನ ಅತ್ತುಕೊಂಡು ಹೇಳಿದರು. ಆಮೇಲೆ ಯಾರೂ ಕರೆಯದೆ ಕೊಟ್ರಮ್ಮ ಎದ್ದು ಮೈಕಿನ ಮುಂದೆ ನಿಂತಳು.

"ನಮ್ಮನೆಯವ್ರು ಕುಡಿಯಲ್ರೀ. ಅವ್ರ ಬಗ್ಗೆ ಹೇಳಾಕೆ ಬಂದಿಲ್ಲ. ನಾನು..."

ನಾನು ಸಭೆಯ ಹಿಂದೆ ಆಂಪ್ಲಿಫೈಯರ್ ಮುಂದೆ ಕೂತಿದ್ದೆ. ನನ್ನ ಕೈ ದನಿಯ ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿಬಿಟ್ಟಿತು.

"ಕರೆಂಟ್ ಹೋತೇನಪ್ಪಾ?" ಎಂದು ಯಾರೋ ಕೇಳಿದರು. "ವೈರ್ ಲೂಸ್ ಆಗೈತಿ" ಎಂದೆ. ಹಿಂದಿನ ಸಾಲುಗಳಲ್ಲಿ ಗಲಾಟೆ ಎದ್ದಿತು. ಅವಳ ತುಟಿ ಇನ್ನೂ ಆಡುತ್ತಿತ್ತು, ನನಗೆ ಏನೂ ಕೇಳಲಿಲ್ಲ. ಮಾತು ಮುಗಿಸಿ ಅವಳು ನನ್ನ ಕಡೆ ನೋಡಿದಳು; ನನ್ನನ್ನಲ್ಲ, ಆಂಪ್ಲಿಫೈಯರಿನ ಕೆಂಪು ದೀಪವನ್ನು. ಕರೆಂಟ್ ಇದೆ ಎಂದು ತೋರಿಸುವ ಆ ದೀಪ ಉರಿಯುತ್ತಲೇ ಇತ್ತು. ಮೈಕ್‌ಸೆಟ್ಟಿನವನ ಹೆಂಡತಿಗೆ ಅದರ ಅರ್ಥ ಗೊತ್ತಿಲ್ಲದೆ ಇರುತ್ತದೆಯೇ?

ವೈರು ಸುತ್ತುವಾಗ ಡಾಕ್ಟರು ಬಂದು ಮೆಲ್ಲಗೆ ಹೇಳಿದರು: "ನಿಮ್ಮ ಮನೆಯವರನ್ನ ಸೋಮವಾರ ದಾವಣಗೆರೆಗೆ ಕರ್ಕೊಂಡು ಬನ್ನಿ. ಇದು ಕಾಯಿಲೆ. ಹೆಂಗಸರಿಗೂ ವಾಸಿ ಆಗುತ್ತೆ."

"ಆಕಿಗೆ ಬರೀ ನಿಶ್ಶಕ್ತಿ ಡಾಕ್ಟ್ರೇ. ಒಂದು ಟಾನಿಕ್ ಬರ್ಕೊಡ್ರಿ" ಎಂದೆ.

ಸೋಮವಾರ ನ್ಯಾಮತಿಯಲ್ಲಿ ಒಂದು ಮದುವೆಗೆ ಮೈಕ್ ಒಪ್ಪಿಕೊಂಡಿದ್ದೆ. ಸಾಮಾನು ಹೊರಗಿಡುವಾಗ ನೋಡುತ್ತೇನೆ, ಕೊಟ್ರಮ್ಮ ಒಳ್ಳೆಯ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಬಳಿ ಕೂತಿದ್ದಾಳೆ. ಡಾಕ್ಟರು ಅವಳಿಗೂ ಹೇಳಿದ್ದರು.

"ಮುಂದಿನ ವಾರ ಹೋಗಾಣ" ಎಂದೆ.

"ನಾನೊಬ್ಳೇ ಹೋಗಿ ಬರ್ಲೇನ್ರೀ?"

"ಒಬ್ಳೇ ಹೋಗಿ ಊರಿಗೆಲ್ಲ ಡಂಗುರ ಹೊಡ್ಕೊಂಡು ಬರ್ತೀಯೇನು?"

ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ನಾನು ತಂದ ಟಾನಿಕ್ಕಿನ ಮುಚ್ಚಳ ಕೊನೆಯವರೆಗೂ ತೆರೆಯಲಿಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ತೀರಿಹೋದಳು. ಕಾಮಾಲೆ ಎಂದೆ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದೆ.

ಮೊನ್ನೆ ಪಕ್ಕದ ಮನೆಯ ಗೌರಮ್ಮ ಗೋಡೆಯ ಆಚೆ ನಿಂತು ಕರೆದಳು. ಬಾಣಂತಿ ಅವಳ ಮೊಮ್ಮಗಳು. ಗೌರಮ್ಮನ ಗಂಡ ಅದೇ ಶಿಬಿರದಲ್ಲಿ ಕುಡಿತ ಬಿಟ್ಟು ಬಹಳ ಕಾಲ ಬಾಳಿದವನು.

"ಅಣ್ಣ, ಪ್ಯಾಟಿ ಕಡೆ ಹೋದ್ರೆ ಒಂದೀಟು ಬ್ರಾಂದಿ ತಂದುಕೊಡು. ಹುಡುಗಿಗೆ ಥಂಡಿ ಆಗೈತಿ."

"ಬ್ಯಾಡ ಗೌರಮ್ಮ" ಎಂದೆ. ಯಾಕೆ ಎಂದಳು. ಜಗಳೂರಿಗೆ ಕಳಿಸಿದ ಬಾಟಲಿಯ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಕಾಮಾಲೆ ಅನ್ನುವುದು ಸುಳ್ಳೆಂದೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಬ್ರಾಂದಿ ವಿಷ್ಯ ಗೊತ್ತಿರ್ಲಿಲ್ಲ. ಆಕಿ ಕುಡೀತಿದ್ದದ್ದು ಗೊತ್ತಿತ್ತು. ಅವತ್ತು ಹೊನ್ನಾಳ್ಯಾಗೆ ನಾನು ಮುಂದೇ ಕುಂತಿದ್ನಲ್ಲಣ್ಣ. ಮೈಕ್ ಹೋದ್ರೂ ನಮಗೆ ಕೇಳ್ಸಿತ್ತು."

ಕೊಟ್ರಮ್ಮ ಅವತ್ತು ನನ್ನ ಮೇಲೆ ದೂರು ಹೇಳಿರಬೇಕು, ಹೊಡೆದದ್ದನ್ನೂ ಹೇಳಿರಬೇಕು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. "ಏನಂದ್ಲು?" ಎಂದು ಕೇಳಿದೆ.

"'ನನಗೂ ಔಷಧಿ ಕೊಡ್ರಿ' ಅಂದ್ಲು. ಅಷ್ಟೇ. ಎರಡು ಸಲ ಅಂದ್ಲು."

ಇವತ್ತು ಬೆಳಗ್ಗೆ ಓಮದ ಹೊಗೆ ಬಂದಾಗ ಗೋಡೆಯ ಹತ್ತಿರ ಹೋಗಿ ನಿಂತೆ. ಬಾಣಂತಿ ಹುಡುಗಿ ಮಗುವನ್ನು ಎಳೆಬಿಸಿಲಿಗೆ ಹಿಡಿದು ಕೂತಿದ್ದಳು. "ತಾತ, ಕೊಟ್ರಮ್ಮಜ್ಜಿಗೆ ಏನಾಗಿತ್ತು?" ಎಂದಳು. ಕಾಮಾಲೆ ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದೆ.

"ಕುಡೀತಿದ್ಲು ಕಣವ್ವ. ಬಿಡಾಕೆ ಔಷಧಿ ಕೇಳಿದ್ಲು. ನಾನು ಕೊಡಿಸ್ಲಿಲ್ಲ."

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಷ್ಟು ಗಟ್ಟಿಯಾಗಿ ಹೇಳಿದ್ದೆ.