ನೀರಿಗೆ ಹೋದ ಚೆಂಡು

ಅಪೊಂದಿ ನನ್ನ ಸವತಿ. ನಮ್ಮ ಗಂಡ ಒಗೋಲ ತೀರಿಕೊಂಡ ಮೇಲೂ ನಾವಿಬ್ಬರು ಒಂದೇ ಅಂಗಳದಲ್ಲಿ ಉಳಿದೆವು. ಅವಳು ಹಿರಿಯಳು, ಹಾಗಾಗಿ ನಡೆಯಬೇಕಾದ್ದು ಅವಳ ಮಾತೇ. ಅವಳಿಗೆ ಮಕ್ಕಳು ಉಳಿಯಲಿಲ್ಲ. ನನಗಿದ್ದವಳು ಆದೇರೊ ಒಬ್ಬಳೇ. ಹೆತ್ತವಳು ನಾನು, ಬೈದು ಬೆಳೆಸಿದವಳು ಅಪೊಂದಿ ಎಂದು ದಡದ ಹೆಂಗಸರು ನಗುತ್ತಿದ್ದರು.

ಹರೆಯದಲ್ಲಿ ಅವಳು ಕಿಸುಮು ಪಟ್ಟಣದ ತಂಡವೊಂದಕ್ಕೆ ವಾಲಿಬಾಲ್ ಆಡಿದ್ದಳು. ಮಂಡಿ ಕೆಟ್ಟ ಮೇಲೆ ಲೊಲ್ವೆ ಸರೋವರದ ದಡದ ನಮ್ಮೂರಿಗೇ ಮರಳಿ, ಮೀನು ಕರಿದು ಮಾರತೊಡಗಿದಳು. ಸಂಜೆಯಾದರೆ ಸಾಕು, ಊರ ಹುಡುಗಿಯರನ್ನೆಲ್ಲ ದಡಕ್ಕೆ ಎಳೆದು ತರುತ್ತಿದ್ದಳು. ನಾನು ಒಮೆನಾ ಮೀನನ್ನು ಮರಳಿನ ಮೇಲೆ ಹರವಿ ಒಣಗಿಸುವ ಜಾಗದ ಪಕ್ಕದಲ್ಲೇ ಎರಡು ಕಂಬ ಹುಗಿದು, ಹರಿದ ಮೀನುಬಲೆಯನ್ನೇ ಆಟದ ನೆಟ್ ಮಾಡಿ ಕಟ್ಟಿದ್ದಳು. ಚೆಂಡು ಇದ್ದದ್ದು ಒಂದೇ.

ಜೋರಾಗಿ ಹೊಡೆಯಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. "ಒದೆಯೋದು ಕತ್ತೆಗೂ ಬರುತ್ತೆ ಕಣ್ರೇ. ಚೆಂಡನ್ನ ಮಾತು ಕೇಳೋ ಹಾಗೆ ಮಾಡಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಮಂಡಿ ಬಗ್ಗಿಸಬೇಕು, ಹೆಬ್ಬೆರಳು ಜೋಡಿಸಬೇಕು, ಮೊಣಕೈ ಮಡಚಬಾರದು. ಚೆಂಡು ಮುಂಗೈ ಮೇಲೆ ಬಿದ್ದು ಮೆತ್ತಗೆ ಎದ್ದು, ನನ್ನ ಮೀನಿನ ಬೋಗುಣಿಯೊಳಗೇ ಇಳಿಯಬೇಕು. ನನ್ನ ಬೋಗುಣಿಗಳೆಲ್ಲ ಹೀಗೇ ಸೊಟ್ಟಗಾದವು.

ಇದೆಲ್ಲದರ ಮೇಲೆ ಒಂದು ಕಟ್ಟಳೆ. ಚೆಂಡು ನೀರಿಗೆ ಹೋದರೆ, ಕೊನೆಗೆ ಅದು ಯಾರ ಕೈಗೆ ತಾಗಿತ್ತೋ ಅವಳೇ ಇಳಿದು ತರಬೇಕು. ಅಪೊಂದಿ ಅದೇ ದಡದಲ್ಲಿ ಅದೇ ಕಟ್ಟಳೆಯಡಿ ಕಲಿತವಳು. ನಮ್ಮ ನೀರಿನಲ್ಲಿ ಮೊಸಳೆ ಇದೆ. ಬೆಸ್ತರು ದಡದಲ್ಲಿ ಅದರ ಹೆಸರೆತ್ತುವುದಿಲ್ಲ, 'ಯಜಮಾನ' ಎನ್ನುತ್ತಾರೆ. ಅಪೊಂದಿಗೆ ಅದೇ ಬೆತ್ತವಾಗಿತ್ತು. ಯಾರಾದರೂ ಕೈ ಸಡಿಲ ಬಿಟ್ಟರೆ, "ಯಜಮಾನನಿಗೆ ಹಸಿವಾಗಿದೆಯಂತೆ, ಹೋಗ್ತೀಯೇನೇ?" ಎನ್ನುತ್ತಿದ್ದಳು. ಹುಡುಗಿಯರ ಕೈ ಆ ಕ್ಷಣವೇ ಬಿಗಿಯಾಗುತ್ತಿತ್ತು. ಚೆಂಡು ನೀರಿಗೆ ಹೋಗುವುದೇ ಅಪರೂಪವಾಗಿ, ನಮ್ಮೂರ ತಂಡವನ್ನು ಸೋಲಿಸುವವರಿಲ್ಲವೆಂದು ಹೆಸರಾಯಿತು.

ಆ ವರ್ಷ ಗಾಳಿ ತಿರುಗಿ ನೀರ ಮೇಲೆ ತೇಲುವ ಅಂತರಗಂಗೆ ಕಳೆ ನಮ್ಮ ಕೊಲ್ಲಿಯೊಳಕ್ಕೆ ನುಗ್ಗಿತು. ನೀರು ಕಾಣದಷ್ಟು ಹಸಿರು. ದೋಣಿಗಳು ಸಿಕ್ಕಿಕೊಂಡವು. ಮೊದಲು ಬೆಸ್ತ ಓಕೆಲೊನ ನಾಯಿ ಕಾಣೆಯಾಯಿತು, ಆಮೇಲೆ ನೀರು ಕುಡಿಯಲು ಹೋದ ಒಂದು ಮೇಕೆ. ಓಕೆಲೊ ಬಂದು ಅಪೊಂದಿಯ ಎದುರು ನಿಂತ.

"ಒಗೋಲನ ಹೆಂಡ್ತಿ, ಆಟ ಸ್ವಲ್ಪ ದಿನ ನಿಲ್ಸು. ಎಲೆ ಕೆಳಗೆ ಏನಿದೆ ಅಂತ ನಮಗೇ ಕಾಣ್ತಿಲ್ಲ."

"ನಿನ್ನ ನಾಯಿ ನಿನ್ನ ಅಡುಗೆ ತಿನ್ನಲಾರದೆ ಓಡಿಹೋಗಿರುತ್ತೆ ಬಿಡು" ಎಂದಳು ಅಪೊಂದಿ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಕೇಳಿದೆ: "ಅಕ್ಕಾ, ಆಟ ಬೇಡ ಅನ್ನಲ್ಲ. ಆ ಕಟ್ಟಳೆ ಒಂದನ್ನ ಬಿಟ್ಬಿಡು. ನನಗಿರೋದು ಒಬ್ಬಳೇ."

"ನನಗೂ ಅವಳೊಬ್ಬಳೇ" ಎಂದಳು. "ಭಯ ಹೋದ್ರೆ ಕೈ ಹೋಗುತ್ತೆ ತಂಗಿ. ಚೆಂಡು ನೀರಿಗೆ ಹೋದ್ರೆ ತಾನೇ?"

ಮರುದಿನವೇ ಹೋಯಿತು. ಆದೇರೊ ಸರಿಯಾಗೇ ನಿಂತಿದ್ದಳು, ಆದರೆ ಗಾಳಿ ಬೀಸಿ ಚೆಂಡು ಅವಳ ಮಣಿಕಟ್ಟಿಗೆ ತಾಗಿ ಓರೆಯಾಗಿ ಹಾರಿತು, ಅಂತರಗಂಗೆಯ ಮೇಲೆ ಹೋಗಿ ಕುಳಿತಿತು. ಆದೇರೊ ಲಂಗ ಎತ್ತಿ ಕಟ್ಟಿದಳು. ನಾನು ಮೀನು ತುಳಿದುಕೊಂಡು ಓಡಿದೆ.

"ನಿಲ್ಲೇ!" ಎಂದಳು ಅಪೊಂದಿ. ತನ್ನ ಕಟ್ಟಳೆಯನ್ನು ಅವಳು ಮುರಿದದ್ದು ಅದೇ ಮೊದಲು. ಕುಂಟು ಕಾಲಿನಲ್ಲೇ ಇಳಿದು, ಸೊಂಟದ ನೀರಿನಲ್ಲಿ ಎಲೆಗಳನ್ನು ಸರಿಸುತ್ತಾ ಹೋಗಿ ಚೆಂಡನ್ನು ಎತ್ತಿಕೊಂಡಳು. ತಿರುಗುವಾಗ ಒಮ್ಮೆ ನಿಂತಳು. ಆಮೇಲೆ ಬೇಗ ಬೇಗ ಬಂದಳು. ಹುಡುಗಿಯರು ಚಪ್ಪಾಳೆ ಹೊಡೆದು ಕೂಗಿದರು.

ಅವಳ ತುಟಿ ಬಿಳಿಚಿತ್ತು. "ಕಾಲಿಗೇನೋ ತಾಗ್ತು" ಎಂದಳು. "ಜೀವ ಇರೋದು. ಎಲ್ಲರೂ ಮನೆಗೆ ನಡೀರಿ. ನಾಳೆಯಿಂದ ಇಲ್ಲಿ ಆಟ ಇಲ್ಲ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ಇಷ್ಟು ವರ್ಷ ಹೀಗೆ ಹೆದರಿಸಿಯೇ ಆಡಿಸಿದವಳ ಮಾತನ್ನು ಈಗ ನಿಜವೆಂದು ಯಾರು ನಂಬುತ್ತಾರೆ?

"ಅಯ್ಯೋ ದೊಡ್ಡಮ್ಮಾ, ಕೈ ಬಿಗಿಯಾಗ್ಲಿ ಅಂತ ತಾನೇ?" ಎಂದಳು ಆದೇರೊ. "ನೀನೇ ಹೋಗಿ ಬಂದೆಯಲ್ಲ, ಯಜಮಾನ ಮಲಗಿದಾನೆ ಬಿಡು. ಈಗ ನನ್ನ ಸರದಿ."

ಅಪೊಂದಿಯ ಕೈಯಲ್ಲಿದ್ದ ಚೆಂಡನ್ನು ಕಸಿದು, ಬೇಕೆಂದೇ ನೀರಿನತ್ತ ಹೊಡೆದಳು. ಅದರ ಹಿಂದೆಯೇ ನಗುತ್ತಾ ಓಡಿದಳು. ನಾವಿಬ್ಬರೂ ಒಟ್ಟಿಗೆ ಕಿರುಚಿದೆವು. ಅಪೊಂದಿ ಅವಳ ಹಿಂದೆ ಹಾರಿದಳು, ಆದರೆ ಆ ಮಂಡಿ ಅವಳನ್ನು ದಡದಲ್ಲೇ ಕೆಡವಿತು. ಆದೇರೊ ಚೆಂಡನ್ನು ತಲೆಯ ಮೇಲೆ ಎತ್ತಿ ನಮಗೆ ತೋರಿಸಿದಳು. ಅವಳ ಹಿಂದೆ ಅಂತರಗಂಗೆ ಗಾಳಿಗೆದುರಾಗಿ ಸೀಳಿಕೊಂಡು ಬರುತ್ತಿತ್ತು.

ಬೆಸ್ತರು ಎಲ್ಲ ದೋಣಿಗಳನ್ನೂ ಇಳಿಸಿದರು. ಸಿಕ್ಕಿದ್ದು ಚೆಂಡು ಮಾತ್ರ.

ಈಗ ಅಪೊಂದಿ ಮೀನು ಕರಿಯುವುದನ್ನು ಬಿಟ್ಟಿದ್ದಾಳೆ. ದಿನವೂ ನನ್ನ ಜೊತೆ ದಡದಲ್ಲಿ ಕೂತು ಒಮೆನಾ ಮಗುಚುತ್ತಾಳೆ. "ಏನಾದ್ರೂ ಅನ್ನೇ ತಂಗಿ, ಒಂದು ಸಲ ಬೈದುಬಿಡೇ" ಎನ್ನುತ್ತಾಳೆ. ನಾನು ಬೈಯುವುದಿಲ್ಲ. ಬೈದರೆ ಅವಳಿಗೆ ಹಗುರವಾಗಿಬಿಡುತ್ತದೆ.